ಜ್ವರಕ್ಕೆ ಕೂತ ಪಿಎಚ್.ಡಿ.

ಪಿಎಚ್.ಡಿ. ಮುಗಿಸಲು ಗಂಡಸರಿಗೆ ಆರು ವರ್ಷ, ಹೆಂಗಸರಿಗೆ ಬೇಕಿದ್ದರೆ ಇನ್ನೆರಡು ವರ್ಷ ಇತ್ತು. ಯುಜಿಸಿಯ 2016ರ ನಿಯಮಾವಳಿ ನಮ್ಮ ಕಾಲಕ್ಕೆ ಕೊಟ್ಟಿದ್ದ ವರ ಅದು. ಹೆರಿಗೆ, ಮಗುವಿನ ಪಾಲನೆಗೆಂದು 240 ದಿನಗಳ ರಜೆ ಬೇರೆ. ಬರೆದ ಪುಣ್ಯಾತ್ಮರು ಹೆಂಡತಿಯ ಕಣ್ಣೆದುರೇ ಕೂತು ಬರೆದಿರಬೇಕು. ಆದರೂ ಚನ್ನಪಟ್ಟಣದ ಪಕ್ಕದ ಹಳ್ಳಿಯಲ್ಲಿ, ರೇಷ್ಮೆಹುಳ ಮೇಯಿಸುವ ಮನೆಗೆ ಸೊಸೆಯಾದ ನನ್ನಂಥವಳಿಗೆ ಎಷ್ಟು ವರ್ಷ ಬೇಕಾದೀತೆಂದು ಅವರಿಗೆ ಹೊಳೆದಂತಿಲ್ಲ.

2020ರ ಮಾರ್ಚ್‌ವರೆಗೆ ನಾನು ಮನೆಯಲ್ಲಿ ಒಂದು ಪುಟವನ್ನೂ ಓದಿದವಳಲ್ಲ. ಓದಿದ್ದೆಲ್ಲ ರೈಲಿನಲ್ಲಿ. ಚನ್ನಪಟ್ಟಣದಲ್ಲಿ ಹತ್ತಿ, ರಾಮನಗರದಲ್ಲಿ ಕಿಟಕಿ ಸೀಟು ಗಿಟ್ಟಿಸಿದರೆ ಬಿಡದಿ ದಾಟಿ ಕೆಂಗೇರಿ ಬರುವಷ್ಟರಲ್ಲಿ ಒಂದು ಲೇಖನ ಮುಗಿದಿರುತ್ತಿತ್ತು. ವಿಶ್ವವಿದ್ಯಾಲಯದ ನಿಲ್ದಾಣ ಜ್ಞಾನಭಾರತಿಯಲ್ಲಿ ಇಳಿಯುವಾಗ ಟಿಪ್ಪಣಿಯೂ ಸಿದ್ಧ. ಆ ಪ್ಯಾಸೆಂಜರ್ ಗಾಡಿಯಲ್ಲಿ ಹೂ ಕಟ್ಟುವವರು, ಇಸ್ಪೀಟಾಡುವವರು, ಸೀಟಿಗೆ ಜಗಳವಾಡುವವರು ಎಲ್ಲರೂ ಇದ್ದರು. "ಒಂದ್ಲೋಟ ಕಾಫಿ ಕೊಡವ್ವಾ" ಅನ್ನುವವರು ಮಾತ್ರ ಇರಲಿಲ್ಲ.

ಜನತಾ ಕರ್ಫ್ಯೂ ಬಂದು ರೈಲು ನಿಂತಿತು. ಪಿಎಚ್.ಡಿ. ಹುಳದ ಮನೆಗೆ ಬಂತು. ಟಿ.ವಿ.ಯವರು ಊರಿಗೆಲ್ಲ ಕೈ ತೊಳೆಯುವುದನ್ನು ಕಲಿಸುತ್ತಿದ್ದರೆ ನಮ್ಮತ್ತೆಗೆ ನಗು. ಬ್ಲೀಚಿಂಗ್ ಪೌಡರ್ ಹಾಕು, ಚಪ್ಪಲಿ ಹೊರಗೆ ಬಿಡು, ಕೈ ತೊಳೆದು ಒಳಗೆ ಬಾ, ಪರಸ್ಥಳದವರನ್ನು ಸೇರಿಸಬೇಡ. ಇದೆಲ್ಲ ಅವರ ಹುಳದ ಮನೆಯ ಹಳೇ ಕಾಯಿದೆ. "ಹುಳಿಕ್ ಮಾಡೋದ್ನ ಈಗ ಮನ್ಸುರ್ಗೆ ಮಾಡವ್ರೆ, ಅಷ್ಟೇಯ" ಅಂದರು.

ನೆಟ್‌ವರ್ಕ್ ಸಿಗುತ್ತಿದ್ದುದು ಹುಳದ ಮನೆಯ ಕಿಟಕಿಯ ಹತ್ತಿರ ಮಾತ್ರ. ಒಮ್ಮೆ ಗೂಗಲ್ ಮೀಟ್‌ನಲ್ಲಿ ಅಧ್ಯಾಯ ಒಪ್ಪಿಸುತ್ತಿದ್ದಾಗ ಹಿಂದಿನಿಂದ ಅತ್ತೆ ಕೂಗಿದರು: "ಎಲ್ಲಾ ನಾಕ್ನೇ ಜ್ವರಕ್ಕೆ ಕೂತವೆ, ಯಾವ್ಕೂ ಏನೂ ಹಾಕ್ಬ್ಯಾಡ!"

ಗೈಡ್ ಮೇಡಂ ಗಾಬರಿಯಾದರು. "ಮನೇಲಿ ಎಷ್ಟು ಜನಕ್ಕಮ್ಮಾ? ಟೆಸ್ಟ್ ಮಾಡಿಸಿದ್ರಾ?"

ಪೊರೆ ಕಳಚುವ ಹುಳ ಸೊಪ್ಪು ಬಿಟ್ಟು ಅಲ್ಲಾಡದೆ ಕೂರುವುದೇ ಜ್ವರ ಎಂದು ಬಿಡಿಸಿ ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮೇಡಂ ಆ ಅಧ್ಯಾಯವನ್ನು ಹೆಚ್ಚು ತಿದ್ದದೆ ಒಪ್ಪಿಬಿಟ್ಟರು. ಹುಳದ ಋಣ.

ನಿಜ ಹೇಳಬೇಕೆಂದರೆ ನಾನು ಬರೆದದ್ದೆಲ್ಲ ಹುಳ ಜ್ವರಕ್ಕೆ ಕೂತಾಗಲೇ. ಅವು ಎದ್ದರೆ ನನ್ನ ಕತೆ ಮುಗಿಯಿತು, ಹಗಲೂ ರಾತ್ರಿ ಸೊಪ್ಪು. ಬೆಳೆಗೆ ನಾಲ್ಕು ಜ್ವರ. ಅಷ್ಟೇ ನನ್ನ ರಜೆ. ನನ್ನಂತೆಯೇ ಪಿಎಚ್.ಡಿ. ಮಾಡುತ್ತಿದ್ದ ಕನಕಪುರದ ಗೆಳತಿ ಸಿಗ್ನಲ್ಲಿಗಾಗಿ ನೀರಿನ ಟ್ಯಾಂಕ್ ಹತ್ತುತ್ತಿದ್ದಳು. ಮಾಗಡಿಯವಳು, ಮಕ್ಕಳ ಆನ್‌ಲೈನ್ ಕ್ಲಾಸು ಮುಗಿದು ಮೊಬೈಲು ಕೈಗೆ ಬರಲೆಂದು ಕಾಯುತ್ತಿದ್ದಳು. ಕೋವಿಡ್ ಕಾರಣಕ್ಕೆ ಯುಜಿಸಿ ಗಡುವು ಮುಂದಕ್ಕೆ ಹಾಕಿದಾಗಲೆಲ್ಲ ಮೂರೂ ಮನೆಗಳಲ್ಲಿ ಒಂದೇ ಮಾತು: "ಇನ್ನೂ ಟೈಮೈತಲ್ಲ, ಎದ್ದು ಕೆಲ್ಸ ನೋಡು."

ಇಂಥ ಪಾಡಿಗೂ ಬೆಲೆಯುಂಟು. ಅಮೆರಿಕದಲ್ಲಿ ಮೆಕ್ಸಿಕೋ ಮೂಲದ ಸಂಶೋಧಕಿಯರು ತಮ್ಮ ಮನೆ, ತಾಯಿ, ದುಡಿಮೆಯ ಕತೆಯನ್ನೇ 'ಟೆಸ್ಟಿಮೋನಿಯೊ' ಎಂದು ಸಂಶೋಧನೆಯಾಗಿ ಬರೆಯುತ್ತಾರಂತೆ. ಆಮೇಲೆ ಓದಿದೆ. ಮೊದಲೇ ಗೊತ್ತಿದ್ದರೆ ನಮ್ಮತ್ತೆ ಅಡಿಟಿಪ್ಪಣಿಗಳಲ್ಲಿ ಮೆರೆಯುತ್ತಿದ್ದರು.

ವೈವಾ ಕೂಡ ಅದೇ ಕಿಟಕಿಯಲ್ಲಿ ನಡೆಯಿತು. ಈಗ ರೈಲು ಮತ್ತೆ ಓಡುತ್ತಿದೆ, ನನಗೂ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿದೆ, ಆದರೆ ರಾಮನಗರದಲ್ಲಿ. ಪುಸ್ತಕ ತೆಗೆದು ಕನ್ನಡಕ ಹುಡುಕುವಷ್ಟರಲ್ಲಿ ಇಳಿಯಬೇಕು. ಬೆಂಗಳೂರಿಗೆ ವರ್ಗ ಕೇಳೋಣವೆಂದರೆ ಅತಿಥಿಗಳಿಗೆ ವರ್ಗಾವಣೆ ಇಲ್ಲವಂತೆ.