ತಕ್ಕಡಿಯ ಮುಳ್ಳು

2002ರಲ್ಲಿ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆ. ಸೆನೆಟ್ ಚುನಾವಣೆಗೆ 36 ದಿನಗಳಿರುವಾಗ ಡೆಮಾಕ್ರಟಿಕ್ ಪಕ್ಷದ ರಾಬರ್ಟ್ ಟೊರಿಸೆಲ್ಲಿಯವರು ಕಣದಿಂದ ಹಿಂದೆ ಸರಿದರು. ಅಭ್ಯರ್ಥಿಯನ್ನು ಬದಲಿಸಲು ಕಾನೂನು ವಿಧಿಸಿದ್ದ ಗಡುವು 51 ದಿನ.

“ಸೋಲುವ ಭಯಕ್ಕೆ ನಿಯಮ ಮುರಿಯಬಹುದೇ?” ಎಂದರು ಅಳಿಯಂದಿರು. “ಮತದಾರನಿಗೆ ಆಯ್ಕೆಯೇ ಬೇಡವೇ?” ಎಂದಳು ಮಗಳು.

ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಬದಲಾವಣೆಗೆ ಒಮ್ಮತದಿಂದ ಸಮ್ಮತಿಸಿತು. ಹೊಸ ಅಭ್ಯರ್ಥಿ ಫ್ರಾಂಕ್ ಲಾಟೆನ್‌ಬರ್ಗ್ ಗೆದ್ದರು. ಮಗಳು ಹಿಗ್ಗಿದಳು.

“ಎದುರು ಪಕ್ಷದವರು ಹೀಗೆ ಮಾಡಿದ್ದರೆ?” ಎಂದು ಅವಳನ್ನು ಕೇಳಿದೆ. “ನಿಮ್ಮ ಪಕ್ಷವೇ ಅವಕಾಶ ಬೇಡಿದ್ದರೆ?” ಎಂದು ಅಳಿಯಂದಿರನ್ನು ಕೇಳಿದೆ. ಇಬ್ಬರೂ ಮೌನವಾದರು.

ನಾನೂ ತಲೆತಗ್ಗಿಸಿದೆ. ಹಿಂದೆ ಊರಿನ ಸಹಕಾರ ಸಂಘದ ಚುನಾವಣೆಯಲ್ಲಿ ಗಡುವು ಮೀರಿ ಬಂದ ತಮ್ಮನ ನಾಮಪತ್ರಕ್ಕಾಗಿ ಹಟ ಹಿಡಿದವನು ನಾನೇ. ನಮ್ಮವರು ಕುಳಿತ ತಟ್ಟೆಯ ಕಡೆಗೆ ತಕ್ಕಡಿಯ ಮುಳ್ಳು ವಾಲುವುದು ಕಣ್ಣಿಗೆ ಕಾಣುವುದೇ ಇಲ್ಲ.