ಕಪ್ಪು ಕುದುರೆ

ಚುನಾವಣೆ ಹತ್ತಿರ ಬಂದರೆ ತಮಿಳುನಾಡಿನ ಗಡಿ ಊರು ಹೊಸೂರಿನ ಟೀ ಅಂಗಡಿಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅಭ್ಯರ್ಥಿಗಳ ಜಾತಕ ಬಿಚ್ಚಿಕೊಳ್ಳುತ್ತದೆ. ಗೆಲ್ಲುವವರ, ಸೋಲುವವರ ಲೆಕ್ಕವೆಲ್ಲ ಮುಗಿದ ಮೇಲೆ ಯಾರಾದರೊಬ್ಬರು ದನಿ ತಗ್ಗಿಸಿ ಇನ್ನೊಂದು ಹೆಸರು ತೆಗೆಯುತ್ತಾರೆ: ‘ಈ ಸಲ ಅವರೇ ನೋಡಿ ಕಪ್ಪು ಕುದುರೆ.’

ಈ ಕುದುರೆ ಇಂಗ್ಲೆಂಡಿನ ರೇಸ್ ಮೈದಾನದಿಂದ ನಮ್ಮಲ್ಲಿಗೆ ಬಂದದ್ದು. ಇಂಗ್ಲಿಷ್ ಲೇಖಕ ಡಿಸ್ರೇಲಿ 1831ರಲ್ಲಿ ಪ್ರಕಟಿಸಿದ ‘ದಿ ಯಂಗ್ ಡ್ಯೂಕ್’ ಕಾದಂಬರಿಯಲ್ಲಿ ಒಂದು ಪಂದ್ಯವಿದೆ. ಜನ ನೆಚ್ಚಿ ಹಣ ಕಟ್ಟಿದ ಕುದುರೆಗಳು ಹಿಂದೆ ಬೀಳುತ್ತವೆ, ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಕಪ್ಪು ಕುದುರೆ ನುಗ್ಗಿ ಗೆಲ್ಲುತ್ತದೆ. ಮುಂದೆ ಈ ಮಾತು ರಾಜಕೀಯಕ್ಕೆ ದಾಟಿತು. 1844ರಲ್ಲಿ ಒಂಬತ್ತನೆಯ ಸುತ್ತಿನ ಮತದಾನದಲ್ಲಿ ತಮ್ಮ ಪಕ್ಷದ ಘಟಾನುಘಟಿಗಳನ್ನು ಹಿಂದಿಕ್ಕಿ ಅಭ್ಯರ್ಥಿಯಾದ, ಆಮೇಲೆ ಅಮೆರಿಕದ ಅಧ್ಯಕ್ಷರೂ ಆದ ಜೇಮ್ಸ್ ಪೋಕ್ ಇದಕ್ಕೆ ಹೆಸರಾದ ಉದಾಹರಣೆ.

ಇಲ್ಲಿ ಕಪ್ಪೆಂದರೆ ಮೈಬಣ್ಣವಲ್ಲ. ಆ ಕುದುರೆಯ ಓಟ ಹಣ ಕಟ್ಟುವವರ ಕಣ್ಣಿಗೆ ಬಿದ್ದಿಲ್ಲ, ಅಷ್ಟೇ. ಕತ್ತಲೆ ಇರುವುದು ನೋಡದವರಲ್ಲಿ. ಬೆಳಗಿನ ಜಾವ ಓಡಿಸಿದ ಜಾಕಿಗೆ, ಲಾಯದಲ್ಲಿ ಮೈ ಉಜ್ಜಿದ ಸೈಸ್‌ಗೆ ಅದರ ಕಸುವು ಚೆನ್ನಾಗಿ ಗೊತ್ತು. ಈ ಕಸುವಿನ ಮಾತು ಕೋರ್ಟಿನಲ್ಲೂ ಬಂದಿದೆ. ತಮಿಳುನಾಡು ಸರ್ಕಾರ 1974ರಲ್ಲಿ ಕುದುರೆ ರೇಸನ್ನೇ ನಿಲ್ಲಿಸಲು ಕಾಯ್ದೆ ತಂದಿತ್ತು. ಆ ಕಾಯ್ದೆಯ ಮೊಕದ್ದಮೆಯಲ್ಲಿ, ರೇಸು ಬರೀ ಅದೃಷ್ಟದಾಟವಲ್ಲ, ಕುದುರೆಯ ತಳಿ, ತರಬೇತಿ, ಜಾಕಿಯ ಕೌಶಲ ಸೇರಿದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಾಜಿ ಕಟ್ಟುವುದು ನನಗೆ ಹಿಡಿಸದು, ಎಷ್ಟೋ ಮನೆಗಳು ಅದರಿಂದ ಮುಳುಗಿವೆ. ಆದರೂ ಕೋರ್ಟು ಕುದುರೆಯ ಹಿಂದಿನ ದುಡಿಮೆಯನ್ನು ಗುರುತಿಸಿತಲ್ಲ, ಅದು ನನಗೆ ಸಮಾಧಾನ.

ಹೊಸೂರಿಗೆ ಕುದುರೆ ಹೊಸದೂ ಅಲ್ಲ. ಪಕ್ಕದ ಮತ್ತಿಗಿರಿಯಲ್ಲಿ ಇಂದು ದನ ಸಾಕುವ ಸರ್ಕಾರಿ ಫಾರಂ 1824ರಲ್ಲಿ ಶುರುವಾದದ್ದೇ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಕುದುರೆಗಳಿಗಾಗಿ. ಊರೂ ಒಂದು ಕಪ್ಪು ಕುದುರೆಯೇ. ಬಹುಕಾಲ ಹೊಸೂರೆಂದರೆ ಬೆಂಗಳೂರಿನಿಂದ ಸೇಲಂ ಕಡೆಗೆ ಹೋಗುವವರು ಬಸ್ಸಿನ ಕಿಟಕಿಯಿಂದ ಕಂಡು ಮರೆಯುವ ಊರು. ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಹುಡುಗನೊಬ್ಬ ಹೊಸೂರಿನ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜು ದಾಟಿ 1948ರಲ್ಲಿ ದೇಶದ ಗವರ್ನರ್ ಜನರಲ್ ಆದ, ಅವರೇ ರಾಜಾಜಿ. ಆಗಲೂ ಊರಿನ ಕಡೆ ಯಾರೂ ತಿರುಗಿ ನೋಡಲಿಲ್ಲ. 1980ರ ದಶಕದಲ್ಲಿ ಟಿವಿಎಸ್ ಮೊಪೆಡ್, ಟೈಟನ್ ಕೈಗಡಿಯಾರಗಳು ಇಲ್ಲಿಂದ ದೇಶಕ್ಕೆಲ್ಲ ಹೊರಟ ಮೇಲೆ ‘ಹೊಸೂರು ಹೇಗೆ ಬೆಳೆದುಬಿಟ್ಟಿತು’ ಎಂದು ಎಲ್ಲರೂ ಅಚ್ಚರಿಪಟ್ಟರು. ಬೆಂಗಳೂರಿಗೆ ನಲವತ್ತೇ ಕಿಲೋಮೀಟರ್, ಅಲ್ಲಿನಂಥದೇ ತಂಪು ಹವೆ, ಮೂರು ಭಾಷೆ ಆಡುವ ದುಡಿಯುವ ಜನ: ಇಲ್ಲಿ ಬೇಸಾಯ ಮಾಡಿಕೊಂಡಿದ್ದ ಯಾವ ಅಜ್ಜನನ್ನು ಕೇಳಿದ್ದರೂ ಇಷ್ಟನ್ನು ಮೊದಲೇ ಹೇಳುತ್ತಿದ್ದರು.