ಡಾಂಬರಿಗೆ ಬೇಕಾದ ಬೆರಕೆ

‘ಬೆರಕೆ’ ಎಂಬ ಮಾತು ನಮ್ಮ ಕಡೆ ಬೈಗುಳಕ್ಕೆ ಸಮ. ಗಂಗಾವತಿ ಅಕ್ಕಿಯಲ್ಲಿ ಬೆರಕೆ ಕಂಡರೆ ಅಂಗಡಿಯವನ ಜೊತೆ ಜಗಳ, ಹಾಲಿನಲ್ಲಿ ಕಂಡರೆ ಹಾಲಿನವನ ಜೊತೆ ಜಗಳ. ಹೀಗಾಗಿ ಊರ ಮುಂದಿನ ಹೊಸ ರಸ್ತೆ ಒಂದೇ ಮಳೆಗಾಲಕ್ಕೆ ಕಿತ್ತುಹೋದಾಗ, ‘ಡಾಂಬರಿನ್ಯಾಗ ಏನೋ ಬೆರಕಿ ಮಾಡ್ಯಾರ’ ಎಂದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ತೀರ್ಪಾಯಿತು.

ಕುಷ್ಟಗಿ–ಯಲಬುರ್ಗಾ ನಡುವಿನ ಹಳ್ಳಿ ನಮ್ಮದು. ಆ ರಸ್ತೆಗೆ ಖಡಿ ಹೊತ್ತವರಲ್ಲಿ ನಮ್ಮಪ್ಪನೂ ಒಬ್ಬ. ಕಾದ ಡಾಂಬರು ಸಿಡಿದು ಆದ ಕಲೆ ಅವನ ಮೊಣಕೈ ಮೇಲೆ ಕೊನೆಯವರೆಗೂ ಇತ್ತು. ಕೆಲಸ ಮುಗಿದ ಸಂಜೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಆ ರಸ್ತೆಯ ಮೇಲೆ ನಡೆಸಿದ್ದ.

ಮರುವರ್ಷ ಅವ್ವ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಟೆಂಪೊದಲ್ಲಿ ಕೊಪ್ಪಳಕ್ಕೆ ಒಯ್ಯುವಾಗ ಒಂದೊಂದು ಗುಂಡಿಗೂ ಚೀರುತ್ತಿದ್ದಳು. ಅಪ್ಪ ತಲೆ ಎತ್ತಲಿಲ್ಲ. ‘ಖಡಿ ನಾನಽ ಹಾಕಿದ್ನಲ್ಲ’ ಎಂದ, ಅಷ್ಟೇ.

ತಪ್ಪು ಅವನದಲ್ಲ ಎಂದು ನನಗೆ ತಿಳಿದದ್ದು ಸಿವಿಲ್ ಡಿಪ್ಲೊಮಾ ಓದಿ ಕೆಲಸಕ್ಕೆ ಸೇರಿದ ಮೇಲೆ. ನಾವು ಡಾಂಬರು ಎನ್ನುವುದು ಕಚ್ಚಾ ತೈಲ ಸಂಸ್ಕರಿಸಿದಾಗ ಉಳಿಯುವ ಬಿಟುಮಿನ್. ಸಾಮಾನ್ಯ ದರ್ಜೆಯದು 50 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಕಪ್ಪು ರಸ್ತೆಯ ಮೈ 60 ಡಿಗ್ರಿಯನ್ನೂ ದಾಟುತ್ತದೆ. ಚಪ್ಪಲಿ ಅಂಟುವುದು, ಲಾರಿ ಗಾಲಿಗೆ ರಸ್ತೆ ತಗ್ಗಾಗುವುದು ಅದಕ್ಕೇ. ಮಳೆಗಾಲದ ಕಥೆಯೇ ಬೇರೆ. ಗ್ರಾನೈಟ್ ಜಾತಿಯ ಕಲ್ಲಿಗೆ ಡಾಂಬರಿಗಿಂತ ನೀರಿನ ಸಂಗವೇ ಹೆಚ್ಚು ಹಿತ. ನೀರು ಒಳಹೊಕ್ಕು ಇಬ್ಬರ ನಂಟನ್ನು ಬಿಡಿಸುತ್ತದೆ. ಖಡಿ ಎದ್ದು ಗುಂಡಿ ಬೀಳುತ್ತದೆ.

ಇದಕ್ಕೆ ಮದ್ದು ಬೆರಕೆಯೇ! ಖಡಿಯ ತೂಕದ ಶೇ 1ರಿಂದ 2ರಷ್ಟು ಅರಳಿದ ಸುಣ್ಣ ಬೆರೆಸಿದರೆ ಡಾಂಬರು ಕಲ್ಲನ್ನು ಕಚ್ಚಿ ಹಿಡಿಯುತ್ತದೆ. ಬಿಸಿಲಿಗೆ ಕರಗದಂತೆ ರಬ್ಬರು, ಪಾಲಿಮರ್ ಸೇರಿಸುವುದುಂಟು. ತಿಪ್ಪೆಗೆ ಹೋಗುವ ಪ್ಲಾಸ್ಟಿಕ್ ಚೀಲವೂ ಆಗುತ್ತದೆಂದು ಬೆಂಗಳೂರಿನಲ್ಲಿ ತೋರಿಸಿಕೊಟ್ಟವರು ಪ್ಲಾಸ್ಟಿಕ್ ಉದ್ದಿಮೆಯ ಸಹೋದರರಾದ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್. ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಜಸ್ಟೊ ಮತ್ತು ವೀರರಾಘವನ್ ಇದನ್ನು ಪರೀಕ್ಷಿಸಿ 2002ರಲ್ಲಿ ವರದಿ ಕೊಟ್ಟರು. ಬಿಟುಮಿನ್ ತೂಕದ ಸುಮಾರು ಶೇ 8ರಷ್ಟು ಪ್ಲಾಸ್ಟಿಕ್ ಬೆರೆಸಿದರೆ ಒಳ್ಳೆಯ ಫಲ ಎಂಬುದು ಅದರ ಸಾರ. 2013ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೊಂದು ಮಾರ್ಗಸೂಚಿಯನ್ನೇ ಹೊರಡಿಸಿತು. ಕೈಗೆ ಸಿಕ್ಕ ಪ್ಲಾಸ್ಟಿಕ್ಕನ್ನೆಲ್ಲ ಸುರಿಯುವಂತಿಲ್ಲ. ಪಿವಿಸಿ ಅಂತೂ ಕೂಡದು. ಕಾಯಿಸಿದರೆ ವಿಷದ ಹೊಗೆ ಏಳುತ್ತದೆ.

ಹಾಗೆಂದು ಬೆರಕೆಯೊಂದೇ ರಸ್ತೆಯನ್ನು ಕಾಯುವುದಿಲ್ಲ. ನಮ್ಮ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಕೆಳಗಿನ ನೆಲವೇ ಅಲುಗಿದರೆ ಮೇಲಿನ ಡಾಂಬರು ಏನು ಮಾಡೀತು? ಆ ಮಣ್ಣಿಗೂ ಸುಣ್ಣ ಬೆರೆಸಿ ಗಟ್ಟಿ ಮಾಡಬೇಕು, ಬದಿಯಲ್ಲಿ ನೀರು ಹರಿದುಹೋಗಲು ಕಾಲುವೆ ತೋಡಬೇಕು. ನಮ್ಮೂರ ರಸ್ತೆಗೆ ಎರಡೂ ಇರಲಿಲ್ಲ.

ಒಮ್ಮೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದೆ. ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡ.

‘ಹಂಗಾರ ಬೆರಕಿ ಮಾಡಿದ್ದಕ್ಕ ಕೆಟ್ಟಿಲ್ಲ, ಮಾಡದಽ ಇದ್ದದ್ದಕ್ಕ ಕೆಟ್ಟೈತಿ ಅನ್ನು’ ಎಂದು ನಕ್ಕ. ಆ ರಸ್ತೆಯ ಮಾತು ಬಂದಾಗ ಅವನು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.